ಐಸೊಮೆಟ್ರಿಕ್ ಚಿತ್ರ ಸೊಟ್ಟಗೆ ಕಾಣುತ್ತಿದೆಯಾ? ಅಳಿಸುವ ಮೊದಲು ತಪ್ಪು ಎಲ್ಲಿದೆ ನೋಡಿ

ವಸ್ತುವಿನ ಮೂರು ಮುಖ ಒಟ್ಟಿಗೆ ಕಾಣುವ ಹಾಗೆ ಬರೆಯುವ ಚಿತ್ರವೇ ಐಸೊಮೆಟ್ರಿಕ್. ಶೀಟ್ ಮುಗಿಯುತ್ತಾ ಬಂದಾಗ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬ್ಲಾಕ್ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ತೂತು ಕೊರೆದ ಹಾಗಿಲ್ಲ, ಮುಖದ ಮೇಲೆ ಅಂಟಿಸಿದ ಹಾಗಿದೆ. ಕೊನೆಯ ಗೆರೆ ಎಳೆದರೆ ಮೂಲೆ ಕೂಡುವುದೇ ಇಲ್ಲ. ಆಗ ಹೆಚ್ಚಿನವರು ರಬ್ಬರ್ ತೆಗೆದುಕೊಂಡು ಪೂರ್ತಿ ಚಿತ್ರ ಅಳಿಸಿ ಮೊದಲಿಂದ ಶುರು ಮಾಡುತ್ತಾರೆ.

ದಯವಿಟ್ಟು ಅಳಿಸಬೇಡಿ. ಅಳಿಸಿದರೆ ತಪ್ಪಿನ ಜೊತೆ ಅದರ ಸುಳಿವೂ ಹೋಗುತ್ತದೆ. ಎರಡನೇ ಸಲವೂ ಅದೇ ಕೈ, ಅದೇ ಅಳತೆ, ಅದೇ ತಪ್ಪು. ಡಿಪ್ಲೊಮಾ, ಐಟಿಐ ಮತ್ತು ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳ ಶೀಟುಗಳನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಸಾಮಾನ್ಯವಾಗಿ ತಪ್ಪು ಒಂದೇ ಕಡೆ ಇರುತ್ತದೆ. ಉಳಿದ ಗೆರೆಗಳು ಅದರ ಹಿಂದೆ ಹೋಗಿರುತ್ತವೆ, ಅಷ್ಟೇ.

ಇನ್ನೊಂದು ವಿಷಯವೂ ಇದೆ. ಸೊಟ್ಟಗೆ ಕಂಡದ್ದೆಲ್ಲ ತಪ್ಪಲ್ಲ. ಸರಿಯಾಗಿ ಬರೆದ ಐಸೊಮೆಟ್ರಿಕ್ ಕೆಲವು ಕಡೆ ಕಣ್ಣಿಗೆ ತಪ್ಪಾಗಿಯೇ ಕಾಣುತ್ತದೆ. ಅದನ್ನು "ಸರಿ" ಮಾಡಲು ಹೋಗಿ ಮಾರ್ಕ್ಸ್ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಇದು: ನಿಜವಾಗಿ ತಪ್ಪಿದೆಯಾ, ಅಥವಾ ಬರೀ ಹಾಗೆ ಕಾಣುತ್ತಿದೆಯಾ? ಇದಕ್ಕೆ ಉತ್ತರ ಕಣ್ಣಿನಿಂದ ಸಿಗುವುದಿಲ್ಲ. ಡಿವೈಡರ್‌ನಿಂದ ಸಿಗುತ್ತದೆ.

ಅಳೆಯುವ ಮೊದಲು ಒಂದು ನಿಯಮ ನೆನಪಿಡಿ. ಐಸೊಮೆಟ್ರಿಕ್‌ನಲ್ಲಿ ಸ್ಕೇಲ್ ಇಟ್ಟು ಅಳೆಯಬಹುದಾದ ದಿಕ್ಕು ಮೂರೇ. ನೆಟ್ಟಗೆ ಮೇಲಕ್ಕೆ ಒಂದು, ಬಲಕ್ಕೆ 30 ಡಿಗ್ರಿಯಲ್ಲಿ ಒಂದು, ಎಡಕ್ಕೆ 30 ಡಿಗ್ರಿಯಲ್ಲಿ ಒಂದು. ಬೇರೆ ಯಾವ ದಿಕ್ಕಿನಲ್ಲಿ ಅಳೆದರೂ ಬರುವ ಸಂಖ್ಯೆ ವಸ್ತುವಿನದ್ದಲ್ಲ.

ಮೂಲೆ ಕೂಡುತ್ತಿಲ್ಲ, ಡಬ್ಬಿ ವಾಲಿದ ಹಾಗಿದೆ

ಮೊದಲು ಡ್ರಾಫ್ಟರ್, ಅಂದರೆ ಬೋರ್ಡಿಗೆ ಬಿಗಿದು ಕೋನಕ್ಕೆ ಗೆರೆ ಎಳೆಯುವ ಉಪಕರಣ, ಪರೀಕ್ಷೆ ಮಾಡಿ, ಆಮೇಲೆ ಚಿತ್ರ. ಶೀಟಿನ ಮೂಲೆಯಲ್ಲಿ 60 ಮಿ.ಮೀ. ಚದರದ ಮೇಲ್ಮುಖ ಬರೆಯಿರಿ. ನಾಲ್ಕು ಬಾಹುಗಳ ಒಂದು ವಜ್ರಾಕೃತಿ ಬರುತ್ತದೆ. ಅದರ ಗಿಡ್ಡ ಕರ್ಣ ಸರಿಯಾಗಿ 60 ಇರಬೇಕು, ನೆಟ್ಟಗೆ ನಿಂತಿರಬೇಕು. ಉದ್ದ ಕರ್ಣ ಸುಮಾರು 104 ಇರಬೇಕು, ಅಡ್ಡಕ್ಕೆ ಮಲಗಿರಬೇಕು. ಗಿಡ್ಡ ಕರ್ಣ 62 ಬಂತು ಅನ್ನಿ. ನಿಮ್ಮ 30 ಡಿಗ್ರಿ ನಿಜವಾಗಿ 31 ಆಗಿದೆ. 60ರ ಚದರದಲ್ಲಿ ಒಂದು ಡಿಗ್ರಿ ತಪ್ಪಿದರೆ ಹೆಚ್ಚುಕಡಿಮೆ 2 ಮಿ.ಮೀ. ವ್ಯತ್ಯಾಸ ಬರುತ್ತದೆ. ಚಿತ್ರ ದೊಡ್ಡದಾದಷ್ಟೂ ಇದು ಬೆಳೆಯುತ್ತದೆ.

ಡ್ರಾಫ್ಟರ್‌ನ ಕ್ಲಾಂಪ್ ಸಡಿಲ ಇದ್ದರೆ ಬೋರ್ಡಿನ ಮೇಲಿನ ತುದಿಯಲ್ಲಿ ಒಂದು ಕೋನ, ಕೆಳಗಿನ ತುದಿಯಲ್ಲಿ ಇನ್ನೊಂದು ಕೋನ ಬರುತ್ತದೆ. ಒಂದು ಗೆರೆ ಎಳೆಯಿರಿ. ಡ್ರಾಫ್ಟರ್ ಅನ್ನು ಬೋರ್ಡಿನ ನಾಲ್ಕೂ ಮೂಲೆಗೆ ಓಡಿಸಿ ವಾಪಸ್ ತನ್ನಿ. ಪಟ್ಟಿ ಅದೇ ಗೆರೆಯ ಮೇಲೆ ಕೂರಬೇಕು. ಕೂರದಿದ್ದರೆ ಸ್ಕ್ರೂ ಬಿಗಿ ಮಾಡಿ. ಆಗಲೂ ಸರಿಹೋಗದಿದ್ದರೆ ಆ ದಿನಕ್ಕೆ ಸೆಟ್‌ಸ್ಕ್ವೇರ್ ಹಿಡಿಯಿರಿ.

ಆಕಾರ ಸರಿ ಇದೆ, ಆದರೆ ಒಂದು ಕಡೆ ದಪ್ಪ ಆಗಿದೆ

ಎರಡು ಅಳತೆ ಬೆರೆತಿದೆ. ಐಸೊಮೆಟ್ರಿಕ್ ಪ್ರೊಜೆಕ್ಷನ್ ಬೇರೆ, ಐಸೊಮೆಟ್ರಿಕ್ ಡ್ರಾಯಿಂಗ್ ಬೇರೆ. ಪ್ರೊಜೆಕ್ಷನ್ ಅಂದರೆ ಘನವನ್ನು ವಾಲಿಸಿ ನೋಡಿದಾಗ ಅಂಚುಗಳು ಎಷ್ಟು ಗಿಡ್ಡ ಕಾಣುತ್ತವೋ ಅಷ್ಟೇ ಬರೆಯುವುದು. ಆಗ 100 ಮಿ.ಮೀ. 81.6 ಆಗುತ್ತದೆ. ಡ್ರಾಯಿಂಗ್ ಅಂದರೆ ಗಿಡ್ಡ ಮಾಡುವ ಗೋಜಿಲ್ಲದೆ 100 ಇದ್ದದ್ದನ್ನು 100 ಅಂತಲೇ ಬರೆಯುವುದು. ಆಕಾರ ಎರಡರಲ್ಲೂ ಒಂದೇ. ಡ್ರಾಯಿಂಗ್ ಸುಮಾರು 1.22 ಪಟ್ಟು ದೊಡ್ಡದು, ಅಷ್ಟೇ.

ಎರಡನ್ನೂ ಒಂದೇ ಶೀಟಿನಲ್ಲಿ ಬೆರೆಸಿದಾಗ ತೊಂದರೆ. ಉದ್ದ, ಅಗಲಕ್ಕೆ ಐಸೊಮೆಟ್ರಿಕ್ ಸ್ಕೇಲ್ (ಗಿಡ್ಡ ಮಾಡಿದ ಅಳತೆ) ಹಿಡಿದು, ಎತ್ತರ ಬಂದಾಗ ಅಭ್ಯಾಸಬಲದಿಂದ ಮಾಮೂಲಿ ಸ್ಕೇಲ್ ಹಿಡಿಯುತ್ತಾರೆ. 60 ಮಿ.ಮೀ. ಘನದಲ್ಲಿ ಎರಡು ಬಾಹು 49, ಎತ್ತರ 60. ಪರೀಕ್ಷೆ ಸುಲಭ. ಮೂರು ದಿಕ್ಕಿನಿಂದ ಒಂದೊಂದು ಗೆರೆ ಆರಿಸಿ, ಚಿತ್ರದ ಅಳತೆಯನ್ನು ಕೊಟ್ಟ ಅಳತೆಯಿಂದ ಭಾಗಿಸಿ. ಮೂರಕ್ಕೂ 0.82 ಬರಬೇಕು, ಅಥವಾ ಮೂರಕ್ಕೂ 1 ಬರಬೇಕು. ಬೇರೆ ಬಂದ ದಿಕ್ಕೇ ಅಪರಾಧಿ.

ಐಸೊಮೆಟ್ರಿಕ್ ವಿಧಾನವನ್ನು ಕೇಂಬ್ರಿಜ್‌ನಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಫ್ಯಾರಿಶ್ 1822ರಲ್ಲಿ ಬರೆದು ಪ್ರಕಟಿಸಿದರು. ಅವರು ತರಗತಿಗೆ ಯಂತ್ರಗಳ ಮಾದರಿ ತೋರಿಸುತ್ತಿದ್ದರು. ಒಂದು ಮಾದರಿ ಬಿಚ್ಚಿ ಅದೇ ಬಿಡಿಭಾಗಗಳಿಂದ ಇನ್ನೊಂದು ಜೋಡಿಸಬೇಕಿತ್ತು. ಜೋಡಿಸುವ ಸಹಾಯಕರಿಗೆ ನೋಡಿದ ಕೂಡಲೇ ಅರ್ಥವಾಗುವ, ಅಳತೆಯೂ ಸಿಗುವ ಚಿತ್ರ ಬೇಕಿತ್ತು. ಅಂದರೆ ಅಳೆಯುವುದಕ್ಕಾಗಿಯೇ ಹುಟ್ಟಿದ ಚಿತ್ರ ಇದು. ಅದಕ್ಕೇ ಅಳತೆಯ ವಿಷಯದಲ್ಲಿ ನಾನು ಇಷ್ಟು ಹಟ ಮಾಡುತ್ತೇನೆ.

ಓರೆ ಗೆರೆಗಳು ಎರಡೂ ಕಡೆ ಒಂದೇ ಥರ ಬರುತ್ತಿಲ್ಲ

ಒಂದು ಬ್ಲಾಕಿನ ಮುಂದಿನ ಮುಖದ ಮೇಲಿನ ಎರಡೂ ಮೂಲೆಯನ್ನು 20 ಮಿ.ಮೀ.ನಂತೆ 45 ಡಿಗ್ರಿಗೆ ಕೊಯ್ಯಬೇಕು ಅನ್ನಿ. ಆ ಮುಖ ಬಲಕ್ಕೆ 30 ಡಿಗ್ರಿ ಏರುತ್ತಿದೆ. ಐಸೊಮೆಟ್ರಿಕ್ ಡ್ರಾಯಿಂಗ್ ಆಗಿ ಸರಿಯಾಗಿ ಬರೆದರೆ ಎಡ ಮೂಲೆಯ ಓರೆ ಗೆರೆ 34.6 ಮಿ.ಮೀ. ಬರುತ್ತದೆ, ಕಡಿದಾಗಿ 60 ಡಿಗ್ರಿಯಲ್ಲಿ ಏರುತ್ತದೆ. ಬಲ ಮೂಲೆಯದ್ದು ಬರೀ 20 ಬರುತ್ತದೆ, 30 ಡಿಗ್ರಿಯಲ್ಲಿ ಇಳಿಯುತ್ತದೆ. ನಿಜವಾದ ಉದ್ದ ಎರಡರದ್ದೂ 28.3. ಒಂದೇ ಅಳತೆಯ ಎರಡು ಕೊಯ್ತ, ಚಿತ್ರದಲ್ಲಿ ಒಂದು ಇನ್ನೊಂದರ ಒಂದೂಮುಕ್ಕಾಲು ಪಟ್ಟು ಉದ್ದ!

ಇದೇ ಆ "ಸರಿ ಇದ್ದೂ ತಪ್ಪು ಕಾಣುವ" ಜಾಗ. ಇದನ್ನು ನೋಡಿ ಗಾಬರಿಯಾಗಿ ಪ್ರೊಟ್ರಾಕ್ಟರ್ ಇಟ್ಟು ಎರಡಕ್ಕೂ 45 ಎಳೆಯುತ್ತಾರೆ. ಅಲ್ಲಿಗೆ ಚಿತ್ರ ಕೆಟ್ಟಿತು. ಐಸೊಮೆಟ್ರಿಕ್ ಚಿತ್ರದ ಮೇಲೆ ಪ್ರೊಟ್ರಾಕ್ಟರ್‌ಗೆ ಕೆಲಸವಿಲ್ಲ. ಓರೆ ಗೆರೆಯನ್ನು ಅಳೆಯಬೇಡಿ, ಅದರ ಎರಡು ತುದಿಗಳನ್ನು ಹುಡುಕಿ. ಪ್ರತಿ ತುದಿಯೂ ಮೂಲೆಯಿಂದ ಇಷ್ಟು ಅಡ್ಡಕ್ಕೆ, ಇಷ್ಟು ಕೆಳಕ್ಕೆ ಅಂತ ಸಿಗುತ್ತದೆ. ತುದಿ ಗುರುತಿಸಿ ಸುಮ್ನೆ ಸೇರಿಸಿ.

ಷಡ್ಭುಜದ ಪಟ್ಟಕದಲ್ಲೂ ಇದೇ ಕಥೆ. 30 ಮಿ.ಮೀ. ಬಾಹುವಿನ ಷಡ್ಭುಜ 60ಕ್ಕೆ 52ರ ಆಯತದೊಳಗೆ ಕೂರುತ್ತದೆ. ಆ ಆಯತವನ್ನು ಮೊದಲು ಐಸೊಮೆಟ್ರಿಕ್‌ನಲ್ಲಿ ಬರೆದು, ಅದರ ಅಂಚುಗಳ ಮೇಲೆ ಆರು ಮೂಲೆ ಗುರುತಿಸಬೇಕು. ಆರು ಬಾಹುಗಳಲ್ಲಿ ಎರಡು ಮಾತ್ರ 30 ಬರುತ್ತವೆ. ಆರೂ ಒಂದೇ ಉದ್ದ ಬಂದಿದ್ದರೆ ತಪ್ಪಾಗಿದೆ ಅಂತಲೇ ಅರ್ಥ.

ತೂತು ಮುಖದ ಮೇಲೆ ಕೂತಿಲ್ಲ

ಶೀಟಿನಲ್ಲಿ ಜಾಸ್ತಿ ಹೊತ್ತು ತಿನ್ನುವುದು ಇದೇ. ಇಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ, ಲಕ್ಷಣ ಮಾತ್ರ ಒಂದೇ ಥರ.

ಮೊದಲನೆಯದು, ಎಲಿಪ್ಸ್ (ಓರೆಯಾಗಿ ನೋಡಿದಾಗ ವೃತ್ತ ಕಾಣುವ ಚಪ್ಪಟೆ ಆಕಾರ) ತಪ್ಪು ಕಡೆಗೆ ವಾಲಿದೆ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ. ಮುಂದೆ ಹಿಡಿದು ಬೇಕಾದ ಹಾಗೆ ವಾಲಿಸಿ. ಲೋಟ ಯಾವ ಕಡೆ ತಿರುಗಿದರೂ ಬಾಯಿಯ ಉದ್ದ ವ್ಯಾಸ ಲೋಟದ ನಡುಗೆರೆಗೆ ಲಂಬವಾಗಿಯೇ ಇರುತ್ತದೆ. ಗಿಡ್ಡ ವ್ಯಾಸ ನಡುಗೆರೆಯ ಮೇಲೆಯೇ ಇರುತ್ತದೆ. ತೂತಿಗೂ ಇದೇ ನಿಯಮ. ತೂತು ಯಾವ ದಿಕ್ಕಿಗೆ ಕೊರೆದು ಹೋಗುತ್ತದೋ ಎಲಿಪ್ಸಿನ ಗಿಡ್ಡ ವ್ಯಾಸ ಆ ದಿಕ್ಕಿಗೇ ಇರಬೇಕು. ಮೇಲ್ಮುಖದ ತೂತಿಗೆ ಗಿಡ್ಡ ವ್ಯಾಸ ನೆಟ್ಟಗೆ. ಬಲಕ್ಕೆ ಏರುವ ಮುಖದ ತೂತಿಗೆ ಅದು ಎಡಕ್ಕೆ ಏರುವ 30 ಡಿಗ್ರಿ ಗೆರೆಯ ಮೇಲೆ. ಇದೊಂದು ನೋಡಿದರೆ ಸಾಕು, ಒಂದೇ ನೋಟಕ್ಕೆ ತಪ್ಪು ಸಿಗುತ್ತದೆ.

ಎರಡನೆಯದು, ನಾಲ್ಕು ಕೇಂದ್ರದ ವಿಧಾನದಲ್ಲಿ, ಅಂದರೆ ವಜ್ರಾಕೃತಿಯೊಳಗೆ ಕಂಪಾಸ್‌ನಿಂದ ನಾಲ್ಕು ಕಂಸ ಎಳೆದು ಎಲಿಪ್ಸ್ ಬರೆಯುವಾಗ, ತಪ್ಪು ಮೂಲೆ ಹಿಡಿದಿರುವುದು. ದೊಡ್ಡ ಕಂಸಗಳ ಕೇಂದ್ರ ವಜ್ರಾಕೃತಿಯ ಅಗಲವಾದ ಮೂಲೆಗಳಲ್ಲಿ, ಅಂದರೆ 120 ಡಿಗ್ರಿಯ ಮೂಲೆಗಳಲ್ಲಿ ಇರಬೇಕು. ಚೂಪು ಮೂಲೆಯಲ್ಲಿ ಕಂಪಾಸ್ ಚುಚ್ಚಿದರೆ ಕಂಸಗಳು ಸೇರುವುದೇ ಇಲ್ಲ. ಅಗಲ ಮೂಲೆಯಿಂದ ಎದುರು ಬಾಹುಗಳ ಮಧ್ಯಬಿಂದುವಿಗೆ ಎಳೆದ ಗೆರೆ ಆ ಬಾಹುವಿಗೆ 90 ಡಿಗ್ರಿ ಇರಬೇಕು. ಸೆಟ್‌ಸ್ಕ್ವೇರ್‌ನ ಮೂಲೆ ಇಟ್ಟು ನೋಡಿ. ಇಲ್ಲದಿದ್ದರೆ ತಪ್ಪು ಕಂಸದಲ್ಲಿಲ್ಲ, ವಜ್ರಾಕೃತಿಯಲ್ಲೇ ಇದೆ.

ಇಲ್ಲಿ ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ. ನಾಲ್ಕು ಕೇಂದ್ರದಿಂದ ಬರುವುದು ನಿಜವಾದ ಎಲಿಪ್ಸ್ ಅಲ್ಲ, ಅದರ ಹತ್ತಿರದ್ದು. ಐಸೊಮೆಟ್ರಿಕ್ ಡ್ರಾಯಿಂಗ್‌ನಲ್ಲಿ 60 ಮಿ.ಮೀ. ವೃತ್ತಕ್ಕೆ ನಿಜವಾದ ಎಲಿಪ್ಸ್ 73.5ಕ್ಕೆ 42.4 ಇರಬೇಕು. ನಾಲ್ಕು ಕೇಂದ್ರದಲ್ಲಿ 69.3ಕ್ಕೆ 43.9 ಬರುತ್ತದೆ. ಉದ್ದದಲ್ಲಿ 4 ಮಿ.ಮೀ. ಕಡಿಮೆ, ಸ್ವಲ್ಪ ಗುಂಡಗೆ. ಒಂಟಿ ತೂತಿಗೆ ಇದು ಪರವಾಗಿಲ್ಲ. ಆದರೆ ಒಂದೇ ಮುಖದಲ್ಲಿ ಒಂದು ವೃತ್ತಕ್ಕೆ ನಾಲ್ಕು ಕೇಂದ್ರ, ಪಕ್ಕದ್ದಕ್ಕೆ ಬಿಂದುಗಳ ವಿಧಾನ (ಒಂದೊಂದೇ ಬಿಂದು ಗುರುತಿಸಿ ಸೇರಿಸುವುದು) ಬಳಸಿದರೆ ಎರಡೂ ಹೊಂದುವುದಿಲ್ಲ. ಎರಡು ವೃತ್ತಗಳ ನಡುವಿನ ಉಂಗುರ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಕಂಡರೆ ಇದನ್ನೇ ಮೊದಲು ಅನುಮಾನಿಸಿ.

ಮೂರನೆಯದು ಸಿಲಿಂಡರ್‌ನದ್ದು. ಮೇಲಿನ ಎಲಿಪ್ಸ್, ಕೆಳಗಿನ ಎಲಿಪ್ಸ್ ಎರಡೂ ಚೆನ್ನಾಗಿವೆ, ಆದರೆ ಪಕ್ಕದ ಗೆರೆ ಸೇರುವಲ್ಲಿ ಒಂದು ಮುರಿತ ಕಾಣುತ್ತದೆ. ಪಕ್ಕದ ಗೆರೆಯನ್ನು ವಜ್ರಾಕೃತಿಯ ಬಾಹುವಿನ ಮಧ್ಯದಿಂದ ಎಳೆದಿದ್ದಾರೆ. ಅದು ಎಲಿಪ್ಸಿನ ಉದ್ದ ವ್ಯಾಸದ ತುದಿಯಿಂದ ಇಳಿಯಬೇಕು. ಶಂಕುವಿನಲ್ಲಿ ಇದರ ಉಲ್ಟಾ ತಪ್ಪು ನಡೆಯುತ್ತದೆ. ಸಿಲಿಂಡರ್ ಅಭ್ಯಾಸದಿಂದ ಶಂಕುವಿನ ತುದಿಯನ್ನೂ ಉದ್ದ ವ್ಯಾಸದ ತುದಿಗೇ ಜೋಡಿಸುತ್ತಾರೆ. ಶಂಕುವಿನ ತುದಿಯಿಂದ ಎಲಿಪ್ಸಿಗೆ ಸ್ಪರ್ಶಕ ಎಳೆಯಬೇಕು. ಅದು ಮುಟ್ಟುವ ಜಾಗ ವ್ಯಾಸದ ತುದಿಯಿಂದ ಸ್ವಲ್ಪ ಸರಿದಿರುತ್ತದೆ.

ನಾಲ್ಕನೆಯದು ತೂತಿನ ತಳ. ಮೇಲಿಂದ ಕೊರೆದ ತೂತಿನ ಒಳಗೆ ಕೆಳಗಿನ ಅಂಚು ಕಾಣಬೇಕಾ ಬೇಡವಾ ಅಂತ ಅಂದಾಜಿಗೆ ಬರೆಯುತ್ತಾರೆ. ಲೆಕ್ಕ ಇದೆ. ತಗಡಿನ ದಪ್ಪ ತೂತಿನ ವ್ಯಾಸದ 0.7ಕ್ಕಿಂತ ಕಡಿಮೆ ಇದ್ದರೆ ತಳದ ಅಂಚು ಕಾಣುತ್ತದೆ. 30ರ ತೂತು, 10ರ ತಗಡು ಆದರೆ ಕಾಣಬೇಕು. 30ರ ತೂತು, 25ರ ಬ್ಲಾಕ್ ಆದರೆ ಕಾಣುವುದಿಲ್ಲ.

ಗೋಳ ಬ್ಲಾಕಿನೊಳಗೆ ಮುಳುಗಿದೆ

ಚೌಕದ ಬ್ಲಾಕಿನ ಮೇಲೆ ಗೋಳ ಇಟ್ಟ ಲೆಕ್ಕ ಪರೀಕ್ಷೆಯಲ್ಲಿ ಬಂದೇ ಬರುತ್ತದೆ ಅನ್ನುವಷ್ಟು ಮಾಮೂಲಿ. ತುಂಬಾ ಜನ ಸರಿಯಾಗಿ ಬರೆದು, ಆಮೇಲೆ ಕೆಡಿಸುವ ಲೆಕ್ಕವೂ ಇದೇ.

50 ಮಿ.ಮೀ. ವ್ಯಾಸದ ಗೋಳ ಅನ್ನಿ. ಐಸೊಮೆಟ್ರಿಕ್ ಪ್ರೊಜೆಕ್ಷನ್ ಬರೆಯುತ್ತಿದ್ದೀರಿ. ಬ್ಲಾಕಿನ ಮೇಲ್ಮುಖದ ನಡುವೆ ಗೋಳ ಮುಟ್ಟುವ ಬಿಂದು. ಅಲ್ಲಿಂದ ಗೋಳದ ಕೇಂದ್ರ 25 ಮಿ.ಮೀ. ಎತ್ತರದಲ್ಲಿದೆ. ಎತ್ತರ ಗಿಡ್ಡವಾಗುತ್ತದೆ, ಆದ್ದರಿಂದ 20.4ರಲ್ಲಿ ಕೇಂದ್ರ ಗುರುತಿಸಬೇಕು. ಆದರೆ ಗೋಳ ಯಾವ ಕಡೆಯಿಂದ ನೋಡಿದರೂ ಅಷ್ಟೇ ಗಾತ್ರ ಕಾಣುತ್ತದೆ, ಅಲ್ವಾ? ಅದಕ್ಕೆ ವೃತ್ತದ ತ್ರಿಜ್ಯ ಪೂರ್ತಿ 25. ಅಂದರೆ ವೃತ್ತ ಮುಟ್ಟುವ ಬಿಂದುವಿಗಿಂತ 4.6 ಮಿ.ಮೀ. ಕೆಳಗೆ ಇಳಿಯುತ್ತದೆ.

ಇಲ್ಲೇ ಕಣ್ಣು ಹೆದರಿಸುತ್ತದೆ. ಗೋಳ ಮುಳುಗಿತು ಅನ್ನಿಸುತ್ತದೆ. ಮುಳುಗಿಲ್ಲ. ನೀವು ಮೇಲಿಂದ ವಾಲಿ ನೋಡುತ್ತಿದ್ದೀರಿ. ಗೋಳದ ಹೊಟ್ಟೆ ಮುಂದಕ್ಕೆ ಬಂದು ಮುಟ್ಟುವ ಬಿಂದುವನ್ನು ಮುಚ್ಚಿದೆ. ಕಲ್ಲಿನ ಮೇಲೆ ಒಂದು ಮೋಸಂಬಿ ಇಟ್ಟು ಮೇಲಿಂದ ಓರೆಯಾಗಿ ನೋಡಿ, ಅದು ಕಲ್ಲನ್ನು ಮುಟ್ಟುವ ಜಾಗ ಕಾಣುವುದಿಲ್ಲ. ವೃತ್ತವನ್ನು ಮೇಲಕ್ಕೆ ಸರಿಸಿದರೆ ಗೋಳ ಗಾಳಿಯಲ್ಲಿ ತೇಲುತ್ತದೆ. ತ್ರಿಜ್ಯವನ್ನೂ 20.4 ಮಾಡಿದರೆ ಗೋಳವೇ ಚಿಕ್ಕದಾಯಿತು. ಎರಡೂ ತಪ್ಪು.

ಐಸೊಮೆಟ್ರಿಕ್ ಡ್ರಾಯಿಂಗ್ ಆದರೆ ಕೇಂದ್ರ 25ರ ಎತ್ತರದಲ್ಲಿ, ತ್ರಿಜ್ಯ 30.6. ಬ್ಲಾಕ್ ದೊಡ್ಡದಾದಷ್ಟೇ ಗೋಳವೂ ದೊಡ್ಡದಾಗಬೇಕು. ಪ್ರಶ್ನೆಯಲ್ಲಿ ಪ್ರೊಜೆಕ್ಷನ್ ಅಂತ ಇದೆಯೋ ಡ್ರಾಯಿಂಗ್ ಅಥವಾ ವ್ಯೂ ಅಂತ ಇದೆಯೋ, ಎರಡು ಸಲ ಓದಿ.

ಎಲ್ಲ ಸರಿ, ಆದರೆ ಕೊಯ್ದ ಖಾಲಿಜಾಗ (ಸ್ಲಾಟ್) ಎಡಕ್ಕೆ ಬರಬೇಕಿತ್ತು, ಬಲಕ್ಕೆ ಬಂದಿದೆ

ಇದು ಬರೆಯುವ ತಪ್ಪಲ್ಲ, ಓದುವ ತಪ್ಪು. ಇದರ ಬೆಲೆ ನನಗೆ ಗೊತ್ತು. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಬ್ರ್ಯಾಕೆಟ್‌ನ ಡ್ರಾಯಿಂಗ್ ಬಂತು. ಫಿಟ್ಟರ್‌ಗೆ ಅರ್ಥವಾಗಲಿ ಅಂತ ಪಕ್ಕದಲ್ಲಿ ಐಸೊಮೆಟ್ರಿಕ್ ಬರೆದುಕೊಟ್ಟೆ. ಅವರು ನನ್ನ ಚಿತ್ರ ನಂಬಿ ಸ್ಲಾಟ್ ಕೊಯ್ದರು. ಸ್ಲಾಟ್ ಉಲ್ಟಾ ಕಡೆ ಬಂತು. ಶೀಟಿನಲ್ಲಿ ವ್ಯೂಗಳನ್ನು ಜೋಡಿಸುವ ಕ್ರಮ ಎರಡಿವೆ, ಫಸ್ಟ್ ಆಂಗಲ್ ಮತ್ತು ಥರ್ಡ್ ಆಂಗಲ್. ಮೂಲ ಡ್ರಾಯಿಂಗ್ ಅಮೆರಿಕದ ಗ್ರಾಹಕರದ್ದು, ಥರ್ಡ್ ಆಂಗಲ್. ನಾನು ಫಸ್ಟ್ ಆಂಗಲ್ ಅಂತ ಓದಿದ್ದೆ. ಅವರ ಅರ್ಧ ದಿನದ ಕೆಲಸ ಸ್ಕ್ರ್ಯಾಪ್‌ಗೆ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನೆನಪಿದೆ.

ನಮ್ಮಲ್ಲಿ ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆ) ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಪ್ರಕಾರ ಫಸ್ಟ್ ಆಂಗಲ್ ಕಲಿಸುತ್ತಾರೆ. ಅದರಲ್ಲಿ ಟಾಪ್ ವ್ಯೂ ಫ್ರಂಟ್ ವ್ಯೂ ಕೆಳಗಿರುತ್ತದೆ. ಎಡದಿಂದ ನೋಡಿದ ಸೈಡ್ ವ್ಯೂ ಬಲಕ್ಕೆ ಇರುತ್ತದೆ. ಥರ್ಡ್ ಆಂಗಲ್‌ನಲ್ಲಿ ಟಾಪ್ ವ್ಯೂ ಮೇಲೆ, ಬಲದಿಂದ ನೋಡಿದ್ದು ಬಲಕ್ಕೇ. ಡ್ರಾಯಿಂಗ್‌ನ ಮೂಲೆಯಲ್ಲಿ ತುದಿ ಕೊಯ್ದ ಶಂಕುವಿನ ಗುರುತು ಇರುತ್ತದೆ. ಶಂಕುವಿನ ದೊಡ್ಡ ತುದಿ ವೃತ್ತಗಳ ಕಡೆ ಇದ್ದರೆ ಫಸ್ಟ್ ಆಂಗಲ್, ಸಣ್ಣ ತುದಿ ವೃತ್ತಗಳ ಕಡೆ ಇದ್ದರೆ ಥರ್ಡ್ ಆಂಗಲ್. ಪೆನ್ಸಿಲ್ ಹಿಡಿಯುವ ಮೊದಲು ಅದನ್ನು ನೋಡಿ.

ಆಕಾರ ತಲೆಗೆ ಹತ್ತದಿದ್ದರೆ ಬಟ್ಟೆ ಸೋಪಿನ ಬಾರ್ ತೆಗೆದುಕೊಂಡು ಚಾಕುವಿನಿಂದ ಕೊಯ್ದು ಮಾದರಿ ಮಾಡಿ. ಕೈಯಲ್ಲಿ ತಿರುಗಿಸಿ ಮೂರು ಕಡೆಯಿಂದ ನೋಡಿ, ಕೊಟ್ಟ ವ್ಯೂಗಳ ಜೊತೆ ಹೋಲಿಸಿ. ಹತ್ತು ನಿಮಿಷದ ಕೆಲಸ, ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಒಮ್ಮೆ ಉಬ್ಬಿದ ಹಾಗೆ, ಒಮ್ಮೆ ತಗ್ಗಿದ ಹಾಗೆ ಕಾಣುತ್ತದೆ

ಕಾಣದ ಅಂಚುಗಳನ್ನೂ ಬರೆದಿದ್ದೀರಿ. ಸ್ವಿಟ್ಜರ್ಲೆಂಡ್‌ನ ಲೂಯಿ ನೆಕರ್ 1832ರಲ್ಲೇ ಹರಳುಗಳ ಚಿತ್ರ ನೋಡುವಾಗ ಇದನ್ನು ಗಮನಿಸಿದ್ದರು. ಎಲ್ಲ ಅಂಚು ಕಾಣುವ ಘನವನ್ನು ಕಣ್ಣು ಎರಡು ಥರ ಓದುತ್ತದೆ. ಐಸೊಮೆಟ್ರಿಕ್‌ನಲ್ಲಿ ಚುಕ್ಕೆಗೆರೆಗಳನ್ನು ತೀರಾ ಅಗತ್ಯವಿಲ್ಲದೆ ಹಾಕುವುದಿಲ್ಲ. ಚಿತ್ರ ಕಟ್ಟಲು ಎಳೆದ ಸಹಾಯದ ಗೆರೆಗಳನ್ನು 2ಎಚ್ ಪೆನ್ಸಿಲ್‌ನಲ್ಲಿ ತೆಳ್ಳಗೆ ಬಿಡಿ, ಕಾಣುವ ಅಂಚನ್ನು ಮಾತ್ರ ಗಾಢ ಮಾಡಿ.

ಘನದ ಹತ್ತಿರದ ಮೂಲೆ ಮತ್ತು ತೀರಾ ದೂರದ ಮೂಲೆ ಐಸೊಮೆಟ್ರಿಕ್‌ನಲ್ಲಿ ಒಂದೇ ಬಿಂದುವಿನಲ್ಲಿ ಬೀಳುತ್ತವೆ. ಹಾಗಾಗಿ ಕೆಲವು ಓರೆ ಮುಖಗಳು ಬರೀ ಗೆರೆಯಾಗಿ ಕಾಣುತ್ತವೆ, ಮುಖವೇ ಮಾಯ. ನೀವು ತಪ್ಪು ಮಾಡಿಲ್ಲ. ವಸ್ತುವನ್ನು ಇನ್ನೊಂದು ಕಡೆ ತಿರುಗಿಸಿ ಬರೆಯಿರಿ.

ಓಬ್ಲಿಕ್‌ನಲ್ಲಿ ವಸ್ತು ಉದ್ದ ಎಳೆದ ಹಾಗಿದೆ

ಓಬ್ಲಿಕ್ ಅಂದರೆ ಮುಂದಿನ ಮುಖವನ್ನು ಇದ್ದ ಹಾಗೇ ಬರೆದು, ಆಳವನ್ನು ಓರೆ ಗೆರೆಗಳಲ್ಲಿ ತೋರಿಸುವ ಚಿತ್ರ. ಹಿಂದಕ್ಕೆ ಹೋಗುವ ಗೆರೆಗೆ ಪೂರ್ತಿ ಅಳತೆ ಕೊಟ್ಟಿದ್ದೀರಿ, ಅದು ಕ್ಯಾವಲಿಯರ್. ಅರ್ಧ ಕೊಟ್ಟರೆ ಕ್ಯಾಬಿನೆಟ್, ಕಣ್ಣಿಗೆ ಹಿತ. ಪ್ರಶ್ನೆ ಯಾವುದನ್ನು ಕೇಳಿದೆ ನೋಡಿ. ಕ್ಯಾಬಿನೆಟ್‌ನ ಪಕ್ಕದ ಮುಖದಲ್ಲಿ ನಾಲ್ಕು ಕೇಂದ್ರದ ವಿಧಾನ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ನಾಲ್ಕು ಬಾಹು ಸಮ ಇರುವುದಿಲ್ಲ. ವೃತ್ತ ಇರುವ ಮುಖವನ್ನೇ ಮುಂದೆ ಇಟ್ಟುಕೊಳ್ಳಿ. ಆಗ ಕಂಪಾಸ್‌ನಲ್ಲೇ ವೃತ್ತ ಬರುತ್ತದೆ, ಓಬ್ಲಿಕ್‌ನ ಸುಖವೇ ಅದು.

ಕಂಪ್ಯೂಟರ್‌ನಲ್ಲಿ 60 ಇರಬೇಕಾದಲ್ಲಿ 51.96 ತೋರಿಸುತ್ತಿದೆ

ಆಟೋಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಲೀನಿಯರ್ ಡೈಮೆನ್ಷನ್ ಹಾಕಿದ್ದೀರಿ. ಅದು 30 ಡಿಗ್ರಿ ಗೆರೆಯ ಅಡ್ಡ ಅಳತೆಯನ್ನು ಮಾತ್ರ ಕೊಡುತ್ತದೆ. ಅಲೈನ್ಡ್ ಡೈಮೆನ್ಷನ್ ಹಾಕಿ, ಆಮೇಲೆ ಡೈಮೆನ್ಷನ್‌ನ ಓಬ್ಲಿಕ್ ಆಯ್ಕೆ ಕೊಟ್ಟು ಪಕ್ಕದ ಗೆರೆಗಳನ್ನು ಅಕ್ಷಕ್ಕೆ ಸಮಾನಾಂತರ ಮಾಡಿ. ಎಲಿಪ್ಸ್ ಕಮಾಂಡ್‌ನಲ್ಲಿ ಐಸೊಸರ್ಕಲ್ ಆಯ್ಕೆ ಸಿಗುತ್ತಿಲ್ಲ ಅಂದರೆ ಸ್ನ್ಯಾಪ್ ಇನ್ನೂ ಐಸೊಮೆಟ್ರಿಕ್‌ಗೆ ಬದಲಾಗಿಲ್ಲ. ಎಲಿಪ್ಸ್ ತಪ್ಪು ಮುಖಕ್ಕೆ ಕೂತರೆ ಎಫ್5 ಒತ್ತಿ ಮುಖ ಬದಲಿಸಿ, ಲೋಟದ ನಿಯಮದಿಂದ ಪರೀಕ್ಷೆ ಮಾಡಿ.

ಇದು ಮೂರು ಆಯಾಮದ ಮಾಡೆಲ್ ಅಲ್ಲ ಅನ್ನುವುದನ್ನೂ ಮರೆಯಬೇಡಿ. ಪರದೆಯ ಮೇಲೆ ಇರುವುದು ಬರೀ ಸಪಾಟು ಗೆರೆಗಳು. ಓರೆ ಗೆರೆ ಆರಿಸಿ ಉದ್ದ ಕೇಳಿದರೆ ಕಂಪ್ಯೂಟರ್ ಕಾಗದದ ಉದ್ದ ಹೇಳುತ್ತದೆ. ಆ ಮೊದಲಿನ ಬ್ಲಾಕನ್ನೇ ಇಲ್ಲಿ ಬರೆದು ಕೇಳಿದರೆ ಒಂದು ಕೊಯ್ತಕ್ಕೆ 34.6 ಅನ್ನುತ್ತದೆ, ಇನ್ನೊಂದಕ್ಕೆ 20. ಕೊಯ್ಯುವವರಿಗೆ ಆ ಎರಡೂ ಸಂಖ್ಯೆ ಕೊಡಬೇಡಿ. ಫ್ರಂಟ್ ವ್ಯೂ ತೆಗೆದು 20ಕ್ಕೆ 45 ಡಿಗ್ರಿ ಅಂತ ಬರೆದುಕೊಡಿ.